ನಾಲ್ಕು ಜನರಲ್ಲಿ ಒಬ್ಬ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ತಲೆಯ ಮೇಲಿನವು: ಕೂದಲು ನರೆಯಿತು, ಉದುರಿತು, ಬಣ್ಣ ಹಚ್ಚಿದ್ದು ಗೊತ್ತಾಗಿಬಿಟ್ಟಿತು. ತಲೆಯೊಳಗಿನದರ ಬಗ್ಗೆ ಕೇಳಿದವರು ಕಡಿಮೆ. ಎರಡಕ್ಕೂ ಜಾಗ ಮಾಡಿದ್ದೇವೆ.

ಪ್ರ: ನನಗಿನ್ನೂ 32. ಆಗಲೇ ಬಿಳಿ ಕೂದಲು ಕಾಣಿಸಿದೆ. ಒಂದು ಕಿತ್ತರೆ ಹತ್ತು ಹುಟ್ಟುತ್ತವೆ ಅಂತಾರೆ. ಕೀಳಲೋ, ಬಿಡಲೋ?

ಉ: ಹತ್ತು ಹುಟ್ಟುವುದಿಲ್ಲ. ಒಂದು ಕೂದಲಿನ ಬುಡದಲ್ಲಿ ನಡೆದದ್ದು ಪಕ್ಕದ ಬುಡಕ್ಕೆ ಗೊತ್ತೇ ಆಗುವುದಿಲ್ಲ. ಆ ಬುಡದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಕೆಲಸ ಬಿಟ್ಟಿವೆ, ಆದ್ದರಿಂದ ಕಿತ್ತ ಜಾಗದಲ್ಲಿ ಮತ್ತೆ ಬರುವುದೂ ಬಿಳಿಯದೇ, ಅಷ್ಟೆ. ಹತ್ತಾದಂತೆ ಕಾಣುವುದೇಕೆಂದರೆ, ಮೊದಲನೆಯದು ಸಿಕ್ಕ ದಿನದಿಂದ ನೀವು ಹುಡುಕಲು ಕೂತಿದ್ದೀರಿ. ಜೊತೆಗೆ, ಕಿತ್ತ ಕೂದಲು ಮತ್ತೆ ಬರುವಾಗ ಗಿಡ್ಡಗಿರುತ್ತದೆ. ಉದ್ದ ಕೂದಲಿನ ಹಾಗೆ ಮಲಗದೆ ನೆಟ್ಟಗೆ ನಿಂತು ಎಲ್ಲರಿಗೂ ತಾನೇ ಹಾಜರಿ ಹೇಳುತ್ತದೆ.

ಪದೇ ಪದೇ ಕಿತ್ತರೆ ಬುಡಕ್ಕೆ ಗಾಯವಾಗಿ ಕೀವು ತುಂಬಬಹುದು, ಕೊನೆಗೆ ಅಲ್ಲಿ ಕೂದಲೇ ಬರದೆ ಹೋಗಬಹುದು. ಬೈತಲೆಯ ಆಚೀಚೆ ಕೀಳುವವರಿಗೆ ಇದು ಬೇಗ ಕಾಣುತ್ತದೆ. ಸಣ್ಣ ಕತ್ತರಿಯಿಂದ ಬುಡದ ಹತ್ತಿರ ಕತ್ತರಿಸಿದರೆ ಸಾಕು. ಬಿಳಿ ಕೂದಲಿಗಿಂತ ಬೋಳೇ ಮೇಲು ಅನ್ನಿಸಿದರೆ ಮಾತ್ರ ಚಿಮುಟಕ್ಕೆ ಕೈಹಾಕಿ.

ಪ್ರ: ನಮ್ಮ ಯಜಮಾನರಿಗೆ 58. ಮೀಸೆಗೆ ಅಚ್ಚ ಕಪ್ಪು ಡೈ. ಹಚ್ಚಿದ್ದು ಮೈಲಿ ದೂರದಿಂದಲೇ ಗೊತ್ತಾಗುತ್ತೆ. ಹೋದ ತಿಂಗಳು ಮೂಗಿನ ಕೆಳಗೆ ತುರಿಕೆಯೂ ಬಂತು. ಬಿಡಿ ಅಂದರೆ ಕೇಳಲ್ಲ.

ಉ: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು ಅನ್ನುವವರಿಗೆ ‘ಬಿಡಿ’ ಅಂದರೆ ಇನ್ನೆರಡು ಪೊಟ್ಟಣ ಜಾಸ್ತಿ ತರುತ್ತಾರೆ. ಆದರೆ ತುರಿಕೆ ಬಂದಿದೆಯಲ್ಲ, ಅದು ಬೇರೆ ಮಾತು. ಅದನ್ನೇ ಮೊದಲು ನೋಡೋಣ.

ಕಪ್ಪು ಡೈಗಳಲ್ಲಿ ಹೆಚ್ಚಿನವುಗಳಲ್ಲಿ ಪಿಪಿಡಿ (ಪ್ಯಾರಾ ಫೆನಿಲೀನ್ ಡೈಅಮೀನ್) ಎಂಬ ರಾಸಾಯನಿಕ ಇರುತ್ತದೆ. ಇದರ ಅಲರ್ಜಿ ಹತ್ತು ವರ್ಷ ಆರಾಮವಾಗಿ ಹಚ್ಚಿಕೊಂಡವರಿಗೂ ಹನ್ನೊಂದನೇ ವರ್ಷ ಶುರುವಾಗಬಹುದು. ಒಮ್ಮೆ ಬಂದರೆ ಹೋಗುವುದು ಅಪರೂಪ. ಮುಂದಿನ ಸಲ ತುರಿಕೆಯ ಬದಲು ಊತ, ನೀರು ಗುಳ್ಳೆ, ಕಣ್ಣು ಮುಚ್ಚುವಷ್ಟು ಬಾವು ಬರಬಹುದು. ಅದಕ್ಕೇ ಚರ್ಮದ ವೈದ್ಯರನ್ನು ಕಾಣುವ ತನಕ ಪೊಟ್ಟಣ ಮುಚ್ಚಿಡಿ. ‘ಪಿಪಿಡಿ ಇಲ್ಲ’ ಎಂದು ಬರೆದ ಡೈಯಲ್ಲೂ ಅದರ ದಾಯಾದಿ ರಾಸಾಯನಿಕ ಇರುವುದುಂಟು. ಹಾಗಾಗಿ ಆ ಒಂದು ಸಾಲು ಓದಿ ಧೈರ್ಯ ತಂದುಕೊಳ್ಳಬೇಡಿ.

ತುರಿಕೆ ಇಲ್ಲದ ಉಳಿದ ಓದುಗರಿಗೆ: ಪ್ರತಿ ಸಲವೂ ಹಚ್ಚುವ 48 ಗಂಟೆ ಮುಂಚೆ ಪೊಟ್ಟಣದ ಸೂಚನೆಯಂತೆ ಒಂದು ಚೂರು ಕಿವಿಯ ಹಿಂದೆಯೋ ಮೊಣಕೈಯ ಒಳಮಡಿಕೆಗೋ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ, ಊದಿದರೆ ಅಲ್ಲಿಗೇ ಮುಗಿಸಿ. ಏನೂ ಆಗದಿದ್ದರೆ ಗಾಜಿನ ಅಥವಾ ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿ, ಲೋಹದ್ದು ಬೇಡ. ಕೂದಲಿನ ಅಂಚಿನ ಚರ್ಮಕ್ಕೆ ವ್ಯಾಸಲೀನ್ ಸವರಿ, ಇಲ್ಲದಿದ್ದರೆ ಹಣೆಯ ಮೇಲೆ ಎರಡು ದಿನ ಕರಿ ಗೆರೆ ಉಳಿಯುತ್ತದೆ. ಕೈಗವಸು ಹಾಕಿಕೊಳ್ಳಿ. ಉಳಿದ ಮಿಶ್ರಣವನ್ನು ಮುಚ್ಚಳ ಬಿಗಿದು ಎತ್ತಿಡಬೇಡಿ: ಬೆರೆಸಿದ ಕ್ಷಣದಿಂದಲೇ ಅದರೊಳಗೆ ರಾಸಾಯನಿಕ ಕ್ರಿಯೆ ನಡೆಯುತ್ತಿರುತ್ತದೆ, ಅನಿಲ ತುಂಬಿ ಡಬ್ಬಿ ಸಿಡಿಯಬಹುದು. ಹೇಳಿದ ಹೊತ್ತಿಗಿಂತ ಹೆಚ್ಚು ಬಿಟ್ಟರೆ ಬಣ್ಣ ಹೆಚ್ಚು ದಿನ ನಿಲ್ಲುವುದಿಲ್ಲ, ಚರ್ಮ ಮಾತ್ರ ಉರಿಯುತ್ತದೆ. ಹುಬ್ಬು, ರೆಪ್ಪೆಗೆ ಬೇಡವೇ ಬೇಡ.

ಇನ್ನು ಹಚ್ಚಿದ್ದು ಗೊತ್ತಾಗುವುದೇಕೆ? ಹುಟ್ಟಾ ಬಂದ ಕಪ್ಪು ಒಂದೇ ಕಪ್ಪಲ್ಲ. ಒಂದು ಎಳೆ ಕಂದು, ಒಂದು ಕಡುಗಪ್ಪು, ತುದಿ ಸ್ವಲ್ಪ ಮಾಸಲು. ಡೈ ಎಲ್ಲವನ್ನೂ ಒಂದೇ ಇಂಕಿನಲ್ಲಿ ಅದ್ದಿಬಿಡುತ್ತದೆ. ಅದರ ಕೆಳಗೆ 58ರ ಚರ್ಮ, ಮೇಲೆ 28ರ ಮೀಸೆ. ನೋಡುವವರಿಗೆ ಇಬ್ಬರು ಮಾತಾಡಿದ ಹಾಗಾಗುತ್ತದೆ. ಹಳೆಯ ಬಣ್ಣಕ್ಕಿಂತ ಒಂದೆರಡು ಶೇಡ್ ತಿಳಿಯಾದ ಗಾಢ ಕಂದು ಆರಿಸಿದರೆ ಅರ್ಧ ಗುಟ್ಟು ಉಳಿಯುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಎರಡು ವಾರಕ್ಕೆ ಬುಡದಲ್ಲಿ ಅರ್ಧ ಸೆಂಟಿಮೀಟರ್ ಬಿಳಿ ಇಣುಕುತ್ತದೆ. ಕಡುಗಪ್ಪಿನ ಪಕ್ಕ ಅದು ಸುಣ್ಣದ ಗೆರೆ, ಕಂದಿನ ಪಕ್ಕ ಅಷ್ಟು ಎದ್ದು ಕಾಣದು.

ಪ್ರ: ಹೇರ್ ಕಟ್ ತೀರಾ ಕೆಟ್ಟು ಹೋಯಿತು. ನಾಲ್ಕು ಜನ ನೋಡಿ ನಗುತ್ತಾರೆ ಎಂದು ಸಮಾರಂಭಕ್ಕೇ ಹೋಗಲಿಲ್ಲ. ಮಾಡಿದ್ದು ಸರಿಯೇ?

ಉ: ಆ ನಾಲ್ಕು ಜನರನ್ನು ಎಣಿಸಿ ನೋಡಿದವರಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗೆ ಗಾಯಕ ಬ್ಯಾರಿ ಮ್ಯಾನಿಲೋ ಮುಖವಿದ್ದ ಟಿ-ಶರ್ಟ್ ತೊಡಿಸಿದರು. ಆ ವಯಸ್ಸಿನವರಿಗೆ ಅದು ನಾಚಿಕೆಯ ಉಡುಪು. ತೊಟ್ಟುಕೊಂಡು, ಬೇರೆ ವಿದ್ಯಾರ್ಥಿಗಳು ಆಗಲೇ ಕೂತಿದ್ದ ಕೋಣೆಗೆ ಹೋಗಬೇಕು. ಹೊರಬಂದ ಮೇಲೆ ಕೇಳಿದರು: ಎಷ್ಟು ಜನ ಗಮನಿಸಿರಬಹುದು? ಹೆಚ್ಚುಕಡಿಮೆ ಅರ್ಧದಷ್ಟು ಅಂದರು ತೊಟ್ಟವರು. ಕೋಣೆಯಲ್ಲಿದ್ದವರನ್ನು ಕೇಳಿದರೆ, ನಿಜಕ್ಕೂ ಗಮನಿಸಿದ್ದು ಕಾಲು ಭಾಗಕ್ಕೂ ತುಸು ಕಡಿಮೆ. ಅಂದರೆ ನಿಮ್ಮ ನಾಲ್ಕು ಜನರಲ್ಲಿ ನೋಡುವವನು ಒಬ್ಬ. ಉಳಿದ ಮೂವರು ತಮ್ಮನ್ನು ಯಾರಾದರೂ ನೋಡುತ್ತಿದ್ದಾರೋ ಎಂದು ನೋಡುತ್ತಿದ್ದರು.

ಇದರಿಂದ ನೆಮ್ಮದಿಯಾಯಿತೇ? ತಡೆಯಿರಿ. ಅದೇ ತಂಡ ಹೆಮ್ಮೆಯಿಂದ ತೊಡುವಂಥ ಟಿ-ಶರ್ಟ್ ಕೊಟ್ಟೂ ನೋಡಿತು. ತೊಟ್ಟವರ ಅಂದಾಜು ಮತ್ತೆ ಅರ್ಧದ ಹತ್ತಿರ. ಗಮನಿಸಿದವರು ಶೇ. 10ಕ್ಕಿಂತ ಕಡಿಮೆ. ಕೆಟ್ಟ ಹೇರ್ ಕಟ್ ಕಾಣುವುದಿಲ್ಲ ಅನ್ನುವ ಸಮಾಧಾನ ಬೇಕಿದ್ದರೆ ಒಳ್ಳೆಯದೂ ಕಾಣುವುದಿಲ್ಲ ಅನ್ನುವುದನ್ನು ನುಂಗಬೇಕಾಗುತ್ತದೆ.

ಮುಂದಿನ ಸಲ ಹೋಗಿಬನ್ನಿ. ಮಾಡಬಾರದ್ದು ಒಂದೇ: ಬಟ್ಟೆಯ ಕಲೆಯ ಮೇಲೆ ಕೈಯಿಟ್ಟುಕೊಳ್ಳುವುದು, ಕೂದಲನ್ನು ನಿಮಿಷಕ್ಕೊಮ್ಮೆ ತಟ್ಟಿಕೊಳ್ಳುವುದು. ಮನುಷ್ಯನ ಕಣ್ಣು ಕಲೆಯನ್ನು ಹುಡುಕುವುದಿಲ್ಲ, ಕೈ ಎಲ್ಲಿ ಹೋಯಿತೋ ಅಲ್ಲಿಗೆ ಹೋಗುತ್ತದೆ.

ಪ್ರ: ‘ನನಗೆ ಅಹಂಕಾರವೇ ಇಲ್ಲ’ ಅನ್ನುವವರ ಬಗ್ಗೆ ನಿಮ್ಮ ಅಭಿಪ್ರಾಯ?

ಉ: ದಿನಕ್ಕೆ ಎಷ್ಟು ಸಲ ಅಂತಾರೆ, ಎಣಿಸಿ ಬರೆಯಿರಿ.

ಪ್ರ: ನನಗೆ 46. ಫೋನನ್ನು ದೂರ ಹಿಡಿದರಷ್ಟೇ ಓದಲು ಬರುತ್ತದೆ. ಕನ್ನಡಕ ಹಾಕಿದರೆ ವಯಸ್ಸಾಯಿತು ಅಂತಾರಲ್ಲ ಎಂದು ಮುಂದೂಡುತ್ತಿದ್ದೇನೆ. ಕಣ್ಣಿನ ವ್ಯಾಯಾಮದಿಂದ ಸರಿಹೋಗುತ್ತದೆಯೇ?

ಉ: ಹೋಗುವುದಿಲ್ಲ. ಇದು ಚಾಳೀಸು. ಹೆಸರಿನಲ್ಲೇ ನಲವತ್ತು ಇದೆ, ಬಚ್ಚಿಡುವುದಾದರೂ ಏನನ್ನು? ಕಣ್ಣಿನೊಳಗಿನ ಮಸೂರ ಹುಟ್ಟಿದಾಗಿನಿಂದಲೂ ನಿಧಾನವಾಗಿ ಗಡುಸಾಗುತ್ತಲೇ ಇರುತ್ತದೆ. ಹತ್ತಿರದ ಅಕ್ಷರಕ್ಕೆ ಅದು ಉಬ್ಬಿಕೊಳ್ಳಬೇಕು. ನಲವತ್ತರ ಸುಮಾರಿಗೆ ಉಬ್ಬುವ ಶಕ್ತಿ ಸಾಲದಾಗುತ್ತದೆ. ಗಡುಸಾದದ್ದು ಮಸೂರ, ಸ್ನಾಯುವಲ್ಲ. ಆದ್ದರಿಂದ ವ್ಯಾಯಾಮ ಮಾಡಿದರೆ ಸಮಯ ಹೋಗುತ್ತದೆ ಅಷ್ಟೆ. ಕೈ ನೀಡಿ ಓದುವುದಕ್ಕೂ ಒಂದು ಮಿತಿಯಿದೆ, ಕೈಯ ಉದ್ದ.

ಸಾಮಾನ್ಯವಾಗಿ 45ರ ಆಸುಪಾಸಿನಲ್ಲಿ +1.00ರಿಂದ +1.50, ಐವತ್ತರಲ್ಲಿ +1.50ರಿಂದ +2.00, ಅರವತ್ತಕ್ಕೆ +2.50ರ ಹತ್ತಿರ ಬೇಕಾಗುತ್ತದೆ. ಆಮೇಲೆ ಹೆಚ್ಚು ಏರುವುದಿಲ್ಲ, ಮಸೂರದಲ್ಲಿ ಕಳೆದುಕೊಳ್ಳಲು ಇನ್ನೇನೂ ಉಳಿದಿರುವುದಿಲ್ಲ. ಕನ್ನಡಕ ಹಾಕಿದ್ದರಿಂದಲೇ ಪವರ್ ಏರಿತು ಅನ್ನುವುದು ಸುಳ್ಳು; ಹಾಕದಿದ್ದರೂ ಅದು ಏರುತ್ತಿತ್ತು. ಸಿದ್ಧ ಕನ್ನಡಕದಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್. ನಿಮ್ಮ ಎರಡು ಕಣ್ಣು ಒಂದೇ ಸಮ ಇಲ್ಲದಿದ್ದರೆ ಅರ್ಧ ಗಂಟೆಗೆ ತಲೆನೋವು ಬರುತ್ತದೆ. ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ, ಅದೇ ಕುರ್ಚಿಯಲ್ಲಿ ಗ್ಲಾಕೋಮಾ (ಸದ್ದಿಲ್ಲದೆ ಕಣ್ಣಿನ ನರ ಕೆಡಿಸುವ ರೋಗ) ತಪಾಸಣೆಯೂ ಮುಗಿಯಲಿ. ದೂರಕ್ಕೂ ಹತ್ತಿರಕ್ಕೂ ಒಂದೇ ಆದ ಪ್ರೋಗ್ರೆಸಿವ್ ಮಸೂರ ತೆಗೆದುಕೊಂಡರೆ ಮೊದಲ ವಾರ ಮೆಟ್ಟಿಲು ಇಳಿಯುವಾಗ ಹುಷಾರು. ಕೆಳಭಾಗ ಓದುವುದಕ್ಕೆ ಇರುವುದರಿಂದ ಬರೇ ಕಣ್ಣು ತಗ್ಗಿಸಿದರೆ ಮೆಟ್ಟಿಲು ಮಸುಕಾಗುತ್ತದೆ. ಗದ್ದ ಎದೆಗೆ ತಂದು ನೋಡಿ.

ದೀಪವನ್ನೂ ಬದಲಿಸಿ. ಅರವತ್ತರ ಕಣ್ಣಿನ ಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿನದಕ್ಕೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಮಂದ ಬೆಳಕಿನಲ್ಲಿ ಕೈ ಚಾಚಿ, ಹುಬ್ಬು ಗಂಟಿಕ್ಕಿ, ತಲೆ ಹಿಂದಕ್ಕೆ ಬಾಗಿಸಿ ಫೋನ್ ಓದುವ ಭಂಗಿ ಕನ್ನಡಕಕ್ಕಿಂತ ದೊಡ್ಡ ದನಿಯಲ್ಲಿ ವಯಸ್ಸು ಹೇಳುತ್ತದೆ.

ಪ್ರ: ಮಾವನವರಿಗೆ 71. ಕಿವಿ ಮಂದ. ಯಂತ್ರ ಹಾಕಿಸೋಣ ಅಂದರೆ ‘ನನಗೆ ಚೆನ್ನಾಗಿ ಕೇಳುತ್ತೆ, ನೀವೇ ಗೊಣಗುತ್ತೀರಿ’ ಅಂತಾರೆ. ಜೋರಾಗಿ ಹೇಳಿದರೆ ‘ಕೂಗಬೇಡ’ ಅಂತ ಸಿಟ್ಟು.

ಉ: ಅವರು ಸುಳ್ಳು ಹೇಳುತ್ತಿಲ್ಲ. ವಯಸ್ಸಿನ ಕಿವುಡು ಮೊದಲು ಕದಿಯುವುದು ಎತ್ತರದ ಸ್ವರಗಳನ್ನು. ಆ, ಓ, ಊ ಮೊದಲಿನಂತೆಯೇ ಕೇಳುತ್ತವೆ. ಸ, ಶ, ತ, ಕ, ಪ ಕಳಚಿ ಬೀಳುತ್ತವೆ. ದನಿ ತಲುಪುತ್ತದೆ, ಮಾತು ತಲುಪುವುದಿಲ್ಲ. ‘ತಾಸು ಎಷ್ಟಾಯ್ತು ಮಾವ?’ ಎಂದು ಕೇಳಿದರೆ ‘ಕಾಸೆಲ್ಲಿದೆ ನನ್ನ ಹತ್ತಿರ’ ಎಂಬ ಉತ್ತರ ಬರುವುದು ಹೀಗೆ. ಕೂಗಿದಾಗ ಜೋರಾಗುವುದೂ ಆ, ಓಗಳೇ. ಆಗಲೇ ಚೆನ್ನಾಗಿ ಕೇಳುತ್ತಿದ್ದದ್ದು ಕಿವಿಗೆ ಬಡಿಯುತ್ತದೆ, ಕೇಳದ್ದು ಹಾಗೆಯೇ ಉಳಿಯುತ್ತದೆ. ಸಿಟ್ಟು ಬರದೆ ಇರುತ್ತದೆಯೇ?

ಬೆನ್ನ ಹಿಂದಿನಿಂದ, ಪಕ್ಕದ ಕೋಣೆಯಿಂದ ಮಾತಾಡುವುದನ್ನು ಮನೆಯವರೆಲ್ಲ ನಿಲ್ಲಿಸಿ. ಟಿವಿ ಆರಿಸಿ, ಎದುರು ನಿಂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ, ತುಸು ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ವಾಕ್ಯವನ್ನು ಮೂರು ಸಲ ಹೇಳುವ ಬದಲು ಪದ ಬದಲಿಸಿ: ‘ತಾಸು’ ಹೋಗದಿದ್ದರೆ ‘ಗಂಟೆ’. ಯಂತ್ರಕ್ಕೆ ಮೊದಲು ಕಿವಿ-ಮೂಗು-ಗಂಟಲು ವೈದ್ಯರು ಗುಗ್ಗೆ ಇದೆಯೇ ನೋಡಲಿ; ಎಷ್ಟೋ ಸಲ ಅದನ್ನು ತೆಗೆದರೇ ಅರ್ಧ ಕಿವಿ ಬರುತ್ತದೆ. ಆಮೇಲೆ ಆಡಿಯೋಗ್ರಾಮ್ (ಯಾವ ಸ್ವರ ಎಷ್ಟು ಕೇಳುತ್ತದೆಂದು ತೋರಿಸುವ ಗ್ರಾಫ್) ಮಾಡಿಸಿ ಆ ಹಾಳೆಯನ್ನು ಅವರ ಕೈಗೇ ಕೊಡಿ. ಸೊಸೆಯ ಮಾತಿಗೆ ಬಗ್ಗದವರು ಗ್ರಾಫಿಗೆ ಬಗ್ಗುವುದುಂಟು.

ಯಂತ್ರ ಡ್ರಾಯರ್ ಸೇರುವುದಕ್ಕೆ ದೊಡ್ಡ ಕಾರಣ, ಮೊದಲ ದಿನವೇ ಅದನ್ನು ಹಾಕಿಕೊಂಡು ಜನಜಂಗುಳಿಗೆ ಹೋಗುವುದು. ಪಾತ್ರೆ ಸದ್ದು, ಕುರ್ಚಿ ಎಳೆದ ಸದ್ದು, ಸ್ವಂತ ದನಿ ಎಲ್ಲ ಒಟ್ಟಿಗೆ ನುಗ್ಗಿ ತಲೆ ಚಿಟ್ಟು ಹಿಡಿಯುತ್ತದೆ. ಮೊದಲ ವಾರ ನಿಶ್ಶಬ್ದವಾದ ಕೋಣೆಯಲ್ಲಿ, ಒಬ್ಬರ ಜೊತೆ, ದಿನಕ್ಕೆ ಒಂದೆರಡು ಗಂಟೆ ಸಾಕು. ಹಾಗೇ ಏರಿಸುತ್ತಾ ಹೋಗಿ. ಮಿದುಳು ಹೊಂದಿಕೊಳ್ಳಲು ಹಲವು ವಾರ ಬೇಕು, ನಡುವೆ ಎರಡು ಮೂರು ಸಲ ಹೊಂದಾಣಿಕೆಗೆ ವಾಪಸು ಹೋಗಬೇಕಾಗುತ್ತದೆ. ಸುಮ್ಮನೆ ಬಿಡುವುದು ಒಳ್ಳೆಯದಲ್ಲ: ಮರೆಗುಳಿತನಕ್ಕೆ ಕಾರಣವಾಗಬಲ್ಲ, ಆದರೆ ಸರಿಪಡಿಸಬಹುದಾದ ಅಂಶಗಳ ಪಟ್ಟಿಯಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2017ರಿಂದಲೂ ಕಿವಿ ಮಂದವಾಗುವುದನ್ನು ಸೇರಿಸಿದೆ. ಯಂತ್ರ ಹಾಕಿದ್ದು ಯಾರಿಗೋ ಕಂಡೀತು, ನಿಜ. ತಪ್ಪು ಉತ್ತರ ಕೊಟ್ಟಿದ್ದಂತೂ ಎಲ್ಲರಿಗೂ ಕೇಳಿಸುತ್ತದೆ.

ಪ್ರ: ವಯಸ್ಸಾದವರ ಕಿವಿ ಅಷ್ಟು ದೊಡ್ಡದೇಕೆ?

ಉ: ಬ್ರಿಟನ್ನಿನ ವೈದ್ಯರು ಅಳೆದು 1995ರಲ್ಲಿ ಲೆಕ್ಕ ಕೊಟ್ಟಿದ್ದಾರೆ: ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್. 50 ವರ್ಷಕ್ಕೆ ಒಂದು ಸೆಂಟಿಮೀಟರ್ ಚಿಲ್ಲರೆ. ಹಾಲೆಯ ಬಿಗಿ ಸಡಿಲಿ ಜೋಲುವುದೂ ಅದರಲ್ಲಿ ಸೇರಿದೆ. ಕೇಳಿಸುವುದು ಕಡಿಮೆಯಾದಷ್ಟೂ ಕಿವಿ ದೊಡ್ಡದಾಗುತ್ತದೆ, ಅಂಗಡಿ ಮುಚ್ಚುವ ಹೊತ್ತಿಗೆ ಬೋರ್ಡು ದೊಡ್ಡದು ಮಾಡಿದ ಹಾಗೆ.

ಪ್ರ: ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತೇನೆ. ಫೋಟೋದಲ್ಲಿ ಮಾತ್ರ ಯಾರೋ ಬೇರೆಯವರು. ಯಾವುದು ನಿಜ?

ಉ: ಕನ್ನಡಿ ನಿಮ್ಮ ಎಡ-ಬಲ ಅದಲುಬದಲು ಮಾಡಿ ತೋರಿಸುತ್ತದೆ, ಜೀವಮಾನವಿಡೀ ನೀವು ಒಗ್ಗಿಕೊಂಡಿದ್ದು ಆ ಮುಖಕ್ಕೆ. ಫೋಟೋದಲ್ಲಿರುವುದು ಊರೆಲ್ಲ ನೋಡುವ ಮುಖ. 1977ರ ಒಂದು ಅಧ್ಯಯನದಲ್ಲಿ ಒಬ್ಬರದೇ ಫೋಟೋವನ್ನು ನೇರ ಮತ್ತು ತಿರುವು ಎರಡು ರೀತಿ ಮುದ್ರಿಸಿ ತೋರಿಸಿದಾಗ, ಆಯಾ ವ್ಯಕ್ತಿಗಳು ಹೆಚ್ಚಾಗಿ ಕನ್ನಡಿಯ ಮುಖವನ್ನು ಮೆಚ್ಚಿದರು, ಅವರ ಸ್ನೇಹಿತರು ನೇರ ಮುಖವನ್ನು. ಇಬ್ಬರೂ ಮೆಚ್ಚಿದ್ದು ಅಭ್ಯಾಸವನ್ನು.

ಸೆಲ್ಫಿಯ ದೂರೇ ಬೇರೆ. ಕ್ಯಾಮೆರಾ 30 ಸೆಂಟಿಮೀಟರ್ ಹತ್ತಿರವಿದ್ದರೆ, ಒಂದೂವರೆ ಮೀಟರ್ ದೂರದ ಫೋಟೋಗಿಂತ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಮೂಗು ಮಸೂರಕ್ಕೆ ಹತ್ತಿರ, ಕಿವಿ ದೂರ, ಅಷ್ಟೇ ಕಾರಣ. ಮೂಗಿಗೆ ಶಸ್ತ್ರಚಿಕಿತ್ಸೆ ಹುಡುಕುವ ಮೊದಲು ಫೋನನ್ನು ಒಂದೂವರೆ ಮೀಟರ್ ಆಚೆ ನಿಲ್ಲಿಸಿ, ಟೈಮರ್ ಹಾಕಿ, ಬೇಕಾದಷ್ಟನ್ನು ಆಮೇಲೆ ಕತ್ತರಿಸಿಕೊಳ್ಳಿ. ಕಿಟಕಿಗೆ ಮುಖ ಮಾಡಿ ನಿಲ್ಲಿ. ನೆತ್ತಿಯ ಮೇಲಿನ ದೀಪ ಕಣ್ಣಡಿಯ ಗುಳಿಗೆ ಹತ್ತು ವರ್ಷ ಸೇರಿಸುತ್ತದೆ. ಇಷ್ಟಾಗಿಯೂ ಹಿಡಿಸದಿದ್ದರೆ ಅಳಿಸಬೇಡಿ, ಹತ್ತು ವರ್ಷ ಇಟ್ಟಿರಿ. ಅದೇ ಫೋಟೋ ನೋಡಿ ‘ಆಗ ಎಷ್ಟು ಚೆನ್ನಾಗಿದ್ದೆ’ ಅನ್ನುತ್ತೀರಿ.

ಪ್ರ: ಸುಕ್ಕು ಹೋಗಲು ಯಾವ ಕ್ರೀಮ್ ಒಳ್ಳೆಯದು?

ಉ: ನಿಮ್ಮ ತೋಳಿನ ಒಳಭಾಗವನ್ನು, ಕಂಕುಳ ಹತ್ತಿರದ ಚರ್ಮವನ್ನು ನೋಡಿಕೊಳ್ಳಿ. ಆಮೇಲೆ ಮುಂಗೈ ನೋಡಿ. ಎರಡೂ ಒಂದೇ ದಿನ ಹುಟ್ಟಿದವು. ನಡುವಿನ ವ್ಯತ್ಯಾಸದಲ್ಲಿ ಬಹುಪಾಲು ಬಿಸಿಲಿನದು. 28 ವರ್ಷ ಟ್ರಕ್ ಓಡಿಸಿದ 69ರ ಚಾಲಕರೊಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು: ಕಿಟಕಿಯ ಕಡೆಗಿದ್ದ ಎಡಗೆನ್ನೆ ಆಳವಾದ ಮಡಿಕೆ, ಬಲಗೆನ್ನೆ ಹೆಚ್ಚುಕಡಿಮೆ ನಯ. ಒಂದೇ ಮುಖದಲ್ಲಿ ಅಣ್ಣ ತಮ್ಮ.

ಹಾಗಾಗಿ ಮೊದಲ ಕ್ರೀಮ್ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಸುಡುವ ಯುವಿಬಿ ಕಿರಣದ ಸುಮಾರು ಶೇ. 97ನ್ನು ತಡೆಯುತ್ತದೆ, 50 ಶೇ. 98ನ್ನು. ಆ ಒಂದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ, ಪ್ರಮಾಣಕ್ಕೆ ಕೆಡಿಸಿಕೊಳ್ಳಿ: ಮುಖ, ಕುತ್ತಿಗೆಗೆ ಎರಡು ಬೆರಳುದ್ದದಷ್ಟು, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಬಹಳಷ್ಟು ಜನ ಕಾಲು ಭಾಗ ಸವರಿ ಕಂಪನಿಯನ್ನು ಬೈಯುತ್ತಾರೆ. ಎರಡನೆಯದು ರೆಟಿನಾಯ್ಡ್ (ವಿಟಮಿನ್ ಎ ಜಾತಿಯ ಮದ್ದು), ವೈದ್ಯರನ್ನು ಕೇಳಿ: ರಾತ್ರಿ ಹೊತ್ತು, ಬಟಾಣಿ ಕಾಳಿನಷ್ಟು, ಮೊದಮೊದಲು ದಿನ ಬಿಟ್ಟು ದಿನ. ಚರ್ಮ ಸಿಪ್ಪೆ ಏಳುತ್ತದೆ, ಅದಕ್ಕೆ ಹೆದರಿ ಎರಡನೇ ವಾರ ಬಿಡುವವರೇ ಹೆಚ್ಚು. ಗುಣ ಕಾಣಲು ಮೂರು ತಿಂಗಳಾದರೂ ಬೇಕು. ಗರ್ಭಿಣಿಯರಿಗೆ ಕೂಡದು. ಕೊಲಾಜೆನ್ ಕ್ರೀಮಿನ ಕೊಲಾಜೆನ್ ಚರ್ಮದೊಳಗೆ ಇಳಿಯಲಾರದಷ್ಟು ದೊಡ್ಡ ಅಣು. ಅದು ಮೇಲೆ ಕೂತು ತೇವ ಹಿಡಿದಿಡುತ್ತದೆ, ಸಾಯಂಕಾಲ ಮುಖ ತೊಳೆದಾಗ ಹೋಗುತ್ತದೆ.

ಪ್ರ: ನನ್ನ ಗೆಳತಿ ಯಾವಾಗಲೂ ಐದು ವರ್ಷ ಕಮ್ಮಿ ಹೇಳುತ್ತಾಳೆ. ಸಿಕ್ಕಿಬೀಳುವುದಿಲ್ಲವೇ?

ಉ: ಬೀಳುತ್ತಾರೆ, ಲೆಕ್ಕ ತಪ್ಪಿ. ಸುಳ್ಳು ವಯಸ್ಸು ಕೂಡ ವರ್ಷಕ್ಕೊಂದು ಬೆಳೆಯಬೇಕು. ಹೆಚ್ಚಿನವರು ಒಂದೇ ಅಂಕಿಯಲ್ಲಿ ಮೂರು ವರ್ಷ ನಿಂತುಬಿಡುತ್ತಾರೆ. ಸಾಲದ್ದಕ್ಕೆ ಮಗಳ ವಯಸ್ಸು, ಮದುವೆಯಾದ ವರ್ಷ, ಸಹಪಾಠಿಗಳ ನಿವೃತ್ತಿ ಎಲ್ಲವನ್ನೂ ಜೊತೆಜೊತೆಗೆ ಹಿಂದಕ್ಕೆ ಎಳೆಯಬೇಕು. ಎಳೆಯುವಾಗ ಮಗಳು ಸುಮ್ಮನಿರಬೇಕಲ್ಲ! ಆದರೆ ಗೆಳತಿಯನ್ನು ತೀರಾ ಬೈಯಬೇಡಿ. ಡೆನ್ಮಾರ್ಕಿನ 2006ರ ಅಧ್ಯಯನವೊಂದರಲ್ಲಿ ನಲವತ್ತು ದಾಟಿದವರು ತಮ್ಮ ವಯಸ್ಸಿಗಿಂತ ಸರಾಸರಿ ಶೇ. 20ರಷ್ಟು ಚಿಕ್ಕವರೆಂದು ಅನ್ನಿಸುತ್ತದೆ ಅಂದರು. ಅರವತ್ತಕ್ಕೆ ಒಳಗೊಳಗೆ 48. ಐದೇ ವರ್ಷ ಕಡಿಮೆ ಮಾಡುವವರು ಸಂಯಮಿಗಳು.

ಪ್ರ: ಅರವತ್ತಕ್ಕೆ ಅರಳು ಮರಳು ಅಂತಾರೆ. ನನಗೆ 61. ಎದುರಿಗೆ ಬಂದವರ ಹೆಸರು ನೆನಪಾಗುವುದಿಲ್ಲ. ಶುರುವಾಯಿತೇ?

ಉ: ಗಾದೆಗೆ ಪ್ರಾಸ ಬೇಕಿತ್ತು, ನೀವು ಸಿಕ್ಕಿದಿರಿ. ಹೆಸರು ಎಲ್ಲ ವಯಸ್ಸಿನಲ್ಲೂ ಜಾರುವಂಥದ್ದೇ. ಒಬ್ಬರು ದರ್ಜಿ ಎಂದು ಗೊತ್ತಾದರೆ ಕತ್ತರಿ, ಬಟ್ಟೆ, ಅಳತೆ ಪಟ್ಟಿ ಎಲ್ಲ ನೆನಪಿಗೆ ಜೋತುಬೀಳುತ್ತವೆ. ಹೆಸರಿಗೆ ಅಂಥ ಗೂಟವಿಲ್ಲ. ವಯಸ್ಸಾದಂತೆ ನಿಧಾನವಾಗುವುದು ಹುಡುಕುವ ವೇಗ. ಪದಸಂಪತ್ತು ಅರವತ್ತರವರೆಗೂ ಬೆಳೆಯುತ್ತದೆ.

ಬೀಗದ ಕೈ ಎಲ್ಲಿಟ್ಟೆ ಎಂದು ಮರೆತರೆ ಚಿಂತೆಯಿಲ್ಲ, ಅದು ಯಾಕಿದೆ ಎಂದು ಮರೆತರೆ ವೈದ್ಯರ ಹತ್ತಿರ ಹೋಗಿ. ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ಮತ್ತೆ ಕೇಳುವುದು, ನಿತ್ಯ ಓಡಾಡುವ ದಾರಿ ತಪ್ಪುವುದು, ದುಡ್ಡಿನ ಲೆಕ್ಕದಲ್ಲಿ ಹೊಸದಾಗಿ ಎಡವುವುದು ಕೂಡ ಅದೇ ಸಾಲಿನವು. ಮನೆಯವರು ಗಮನಿಸಿ ಹೇಳಿದರೆ ಇನ್ನೂ ಮುಖ್ಯ, ಕಾರಣ ನಿಜವಾದ ಮರೆವು ಇರುವವರು ತಮ್ಮ ಮರೆವನ್ನೂ ಮರೆಯುತ್ತಾರೆ. ಬಿ12 ಕೊರತೆ, ಥೈರಾಯ್ಡ್, ನಿದ್ದೆ ಮಾತ್ರೆ, ಖಿನ್ನತೆ ಇವೂ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ಇನ್ನು ಎದುರಿಗೆ ಬಂದವರ ವಿಷಯ: ಮೊದಲ ನಿಮಿಷದಲ್ಲೇ ‘ಹೆಸರು ನಾಲಿಗೆ ತುದಿಯಲ್ಲಿದೆ, ಹೇಳಿಬಿಡಿ’ ಅನ್ನಿ. ಗೊತ್ತಿರುವಂತೆ ಇಪ್ಪತ್ತು ನಿಮಿಷ ಮಾತಾಡಿದ ಮೇಲೆ ಕೇಳಲು ಬರುವುದಿಲ್ಲ, ಅಷ್ಟರಲ್ಲಿ ನಿಮ್ಮ ಯಜಮಾನರು ಬಂದು ಪರಿಚಯ ಮಾಡಿಸು ಅಂದರೆ ಕೆಟ್ಟಿತು.

ಪ್ರ: ಈಗಿನ ಹುಡುಗರು ಓದುವುದೇ ಇಲ್ಲ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ಅಲ್ಲವೇ?

ಉ: ನೀವು ಚೆನ್ನಾಗಿ ಓದಿಕೊಂಡವರು ಎಂದಾಯಿತು. 2019ರಲ್ಲಿ ಮನಶ್ಶಾಸ್ತ್ರಜ್ಞರಾದ ಜಾನ್ ಪ್ರಾಟ್ಜ್‌ಕೊ ಮತ್ತು ಜೊನಾಥನ್ ಸ್ಕೂಲರ್ ಅಮೆರಿಕದ ವಯಸ್ಕರಲ್ಲಿ ಕಂಡದ್ದು ಇದನ್ನೇ: ಹೆಚ್ಚು ಓದಿದವರಿಗೆ ಮಕ್ಕಳಲ್ಲಿ ಓದು ಕಡಿಮೆ ಕಾಣುತ್ತದೆ, ಅಧಿಕಾರಕ್ಕೆ ತಲೆಬಾಗಬೇಕು ಅನ್ನುವವರಿಗೆ ಹಿರಿಯರ ಮೇಲಿನ ಗೌರವ ಕಡಿಮೆ ಕಾಣುತ್ತದೆ. ಇವತ್ತಿನ ನಮ್ಮನ್ನು ಹಿಂದಕ್ಕೆ ಕಳಿಸಿ, ಆ ಕಾಲದ ಹುಡುಗರೆಲ್ಲ ಹೀಗೇ ಇದ್ದರು ಅಂದುಕೊಳ್ಳುತ್ತೇವೆ. ನಿಮ್ಮ ತರಗತಿಯ ಹಿಂದಿನ ಬೆಂಚನ್ನು ಒಮ್ಮೆ ನೆನಪಿಸಿಕೊಳ್ಳಿ.

ಪ್ರ: ‘ನಿಮಗೆ ವಯಸ್ಸೇ ಆಗಿಲ್ಲ’ ಎಂದು ಯಾರಾದರೂ ಹೊಗಳಿದರೆ ಏನು ಹೇಳಬೇಕು?

ಉ: ಥ್ಯಾಂಕ್ಸ್ ಅನ್ನಿ. ಅಲ್ಲಿಗೇ ನಿಲ್ಲಿಸಿ. ಅಪ್ಪಿತಪ್ಪಿಯೂ ‘ಎಷ್ಟು ಅಂದುಕೊಂಡಿರಿ?’ ಎಂದು ಕೇಳಬೇಡಿ. ಮರ್ಯಾದಸ್ಥರು ಅಂದಾಜಿನಲ್ಲಿ ಐದು ಕಳೆದೇ ಹೇಳುತ್ತಾರೆ. ಅಷ್ಟು ಕಳೆದ ಮೇಲೂ ಅದು ನಿಮ್ಮ ನಿಜವಾದ ವಯಸ್ಸೇ ಆಗಿದ್ದರೆ?